ಸಾಹೇಬರ ನೆಗಡಿ, ಆಯಿಯ ಟಾನಿಕ್

ನನ್ನ ಗಂಟಲಿನಲ್ಲಿ ಒಂದು ಊರೇ ಬಾಡಿಗೆಗೆ ಇದೆ. ಅಥಣಿಯಿಂದ ಹಾರೂಗೇರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಇದ್ದಾನೆ, ಒಣದ್ರಾಕ್ಷಿಯ ಸವಾಲು-ಹರಾಜಿನಲ್ಲಿ ಉಸಿರು ಬಿಡದೆ ಕೂಗುವ ದಲ್ಲಾಳಿ ಇದ್ದಾನೆ, ಮೂರು ಸಲ ಸೀನಿ ನಾಲ್ಕನೆಯದಕ್ಕೆ ಬಾಯಿ ತೆರೆದು ಹಾಗೇ ನಿಲ್ಲುವ ನಮ್ಮ ಮಠದ ಐನೋರು ಇದ್ದಾರೆ. ಅಪ್ಪನಿಗೆ ಸಿಟ್ಟು ಬರುವ ಮುಂಚೆ ಬರುವ ಒಂದು ಸಣ್ಣ ಕೆಮ್ಮೂ ಇದೆ. ಇಷ್ಟು ಜನ ಒಳಗೆ ಇದ್ದರೂ ಡಿಗ್ರಿ ಪರೀಕ್ಷೆಯ ದಿನ ಒಬ್ಬನೂ ನೆರವಿಗೆ ಬರಲಿಲ್ಲ. ಎರಡು ವಿಷಯ ಉಳಿದವು, ನಾನು ಹೊಲಕ್ಕೆ ಬಂದೆ. ಊರವರು "ಹುಡುಗ ಒಕ್ಕಲುತನಕ್ಕ ಇಳದಾನ" ಅಂದರು. ಇಳಿದದ್ದು ನಿಜ. ಒಕ್ಕಲುತನದ ಸಂಗತಿ ಬೇರೆ.

ನಮ್ಮ ಹೊಲ ತೆಲಸಂಗದ ಕಡೆಗೆ. ಕಪ್ಪಲ್ಲದ, ಕೆಂಪಲ್ಲದ, ಹರಳು ಕೂಡಿದ ಒಣಭೂಮಿ. ಬೋರಿನ ನೀರನ್ನು ಹನಿಹನಿಯಾಗಿ ಬಿಟ್ಟು ಸುತ್ತಲಿನವರೆಲ್ಲ ಬೀಜವಿಲ್ಲದ ಹಸಿರು ದ್ರಾಕ್ಷಿ ಬೆಳೆಯುತ್ತಾರೆ, ಶೆಡ್ಡಿನಲ್ಲಿ ಒಣಗಿಸಿ ಬೇದಾಣಿ ಮಾಡುತ್ತಾರೆ. ನಾವೂ ಅದನ್ನೇ ಮಾಡುತ್ತಿದ್ದೆವು. ಆದರೆ ಮಿರಜಿನ ಆಚೆಗಿನ ಒಂದು ವೈನ್ ಕಂಪನಿಯ ಸಾಹೇಬರು ಬಂದು, "ಒಂದು ಎಕರೆಯಲ್ಲಿ ನಮ್ಮ ಕರಿ ದ್ರಾಕ್ಷಿ ಹಚ್ಚಿರಿ, ರಾಸಾಯನಿಕ ಮುಟ್ಟಬೇಡಿ, ನಾವು ಹೇಳಿದ ಹಾಗೆ ಆಕಳ ಕೊಂಬು, ಸೆಗಣಿ, ಚಂದ್ರನ ಲೆಕ್ಕ ನೋಡಿ ಬೆಳೆಯಿರಿ, ಹಣ್ಣು ನಾವೇ ಒಯ್ಯುತ್ತೇವೆ" ಎಂದಾಗ ಅಪ್ಪ ಹೂಂ ಅಂದುಬಿಟ್ಟ. ನಾನೂ ಪಕ್ಕದಲ್ಲಿ ನಿಂತು ಹೂಂ ಅಂದೆ, ಅದೂ ಅಪ್ಪನ ದನಿಯಲ್ಲೇ. ಕೈ ಕೊಟ್ಟು, ಕಾಗದಕ್ಕೆ ಸಹಿ ಹಾಕಿ, ಬಳ್ಳಿ ಹಚ್ಚಿ ಆದ ಮೇಲೆ ಒಂದು ಸಣ್ಣ ಮಾತು ನೆನಪಾಯಿತು. ಆ ಎಕರೆ ಅಪ್ಪನದಲ್ಲ, ಆಯಿಯದು.

ಆಯಿ ಎಂದರೆ ಅಪ್ಪನ ತಾಯಿ. ಆ ಒಂದು ತುಂಡು ಹೊಲ ಅವಳ ತವರಿನಿಂದ ಬಂದದ್ದು, ಪಹಣಿ ಉತಾರದಲ್ಲಿ ಅವಳ ಹೆಸರೇ ಇತ್ತು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಒಂದೇ ಶಾಸನ: ಈ ಮನೆಯ ಹೊಸ್ತಿಲೊಳಗೆ ಸೆರೆ ಬರಕೂಡದು. ಅದು ಬರಿಯ ಮಡಿಯ ಮಾತಾಗಿರಲಿಲ್ಲ. ಅವಳ ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ ಕುಡಿದು ಕುಡಿದು ಮೂವತ್ತು ತುಂಬುವ ಮೊದಲೇ ಹೋಗಿದ್ದ. ಅವನು ಹೋದದ್ದರಿಂದಲೇ ತವರಿನ ಆ ತುಂಡು ಇವಳಿಗೆ ಬಂದದ್ದು. ಅಂಥ ಹೊಲದಲ್ಲಿ ನಾವು ವೈನಿನ ಬಳ್ಳಿ ಹಚ್ಚಿದ್ದೆವು. ಗೊತ್ತಾದರೆ ಬಳ್ಳಿಯೂ ಉಳಿಯುವುದಿಲ್ಲ, ಕಂಬವೂ ಉಳಿಯುವುದಿಲ್ಲ, ಅಪ್ಪ ಕೊಟ್ಟ ಮಾತೂ ಉಳಿಯುವುದಿಲ್ಲ.

ಮೊಣಕಾಲಿನ ಬೇನೆಯಿಂದಾಗಿ ಆಯಿ ಹೊಲಕ್ಕೆ ಬರುವುದು ಬಿಟ್ಟಿದ್ದಳು. ಅದೇ ನಮ್ಮ ಧೈರ್ಯ. ಆದರೆ ಅವಳ ಕಿವಿಗೆ ಮೊಣಕಾಲಿರಲಿಲ್ಲ, ಅದು ಎಲ್ಲ ಕಡೆಗೂ ಹೋಗುತ್ತಿತ್ತು.

"ಯಾಕೋ, ಕರಿ ದ್ರಾಕ್ಷಿ ಹಚ್ಚೀರಂತ? ಬೀಜ ಇರೋದಂತ? ಬೀಜಿನ ಬೇದಾಣಿ ಯಾರ್ ತಿಂತಾರೋ?" ಎಂದು ಒಂದು ಮುಂಜಾನೆ ಅಪ್ಪನನ್ನು ಕೇಳಿದಳು.

"ಕಂಪನಿಯವರು ಒಯ್ತಾರಬೇ."

"ಒಯ್ದು ಏನ್ ಮಾಡ್ತಾರ?"

ಅಪ್ಪನಿಗೆ ಆ ಸಣ್ಣ ಕೆಮ್ಮು ಬಂತು. ಆದರೆ ತಾಯಿಯ ಮುಂದೆ ಅದರ ಹಿಂದೆ ಬರಬೇಕಾದ ಸಿಟ್ಟು ಬರಲಿಲ್ಲ. "ಸಾಹೇಬ್ರನ್ನ ಕೇಳಿ ಹೇಳ್ತೀನಿ" ಎಂದು ಎದ್ದು ಹೊರಗೆ ಬಂದ. ದನದ ಕೊಟ್ಟಿಗೆಯಲ್ಲಿ ನನ್ನನ್ನು ಹಿಡಿದು, "ಲೇ, ಊರ ಮಂದೀನೆಲ್ಲಾ ನಗಸ್ತಿ. ಇವತ್ತ ಮನಿಗೊಂದು ಉಪಯೋಗಕ್ಕ ಬಾ" ಅಂದ.

ನನ್ನ ಜೀವನದಲ್ಲಿ ಅಪ್ಪ ನನ್ನ ವಿದ್ಯೆಯನ್ನು ಗುರುತಿಸಿದ್ದು ಅದೇ ಮೊದಲು. ಎದೆ ಉಬ್ಬಿತು. ಆಗಿನ್ನೂ ಗುಂಡಿ ಒತ್ತುವ ಮೊಬೈಲುಗಳ ಕಾಲ. ನಾನು ಕೊಟ್ಟಿಗೆಯ ಗೋದಲಿಯ ಮೇಲೆ ಕುಳಿತು ಮನೆಯ ಲ್ಯಾಂಡ್‌ಲೈನಿಗೆ ಹಚ್ಚಿದೆ. ಗೋಡೆಯ ಆಚೆ ಫೋನು ಬಾರಿಸಿದ್ದು ನನಗೇ ಕೇಳಿಸಿತು.

ಸಾಹೇಬರ ದನಿ ನನ್ನ ಹೊಸ ಸರಕು. ಅವರನ್ನು ಮೊದಲ ಸಲ ನೋಡಿದ ದಿನ ಅವರಿಗೆ ವಿಪರೀತ ನೆಗಡಿಯಾಗಿತ್ತು. 'ಮ'ಗಳೆಲ್ಲ 'ಬ'ಗಳಾಗಿ, 'ನ'ಗಳೆಲ್ಲ 'ದ'ಗಳಾಗಿ ಹೊರಡುತ್ತಿದ್ದವು. ಮುಂದೆ ನೆಗಡಿ ವಾಸಿಯಾಗಿ ಸರಿಯಾಗಿ ಮಾತಾಡಿದರು, ಆದರೆ ಚಹಾದಂಗಡಿಯಲ್ಲಿ ಮಂದಿ ನಕ್ಕದ್ದು ನೆಗಡಿಯ ಸಾಹೇಬರಿಗೆ. ನಾನು ಅವರನ್ನೇ ಇಟ್ಟುಕೊಂಡೆ. ಕಲಾವಿದನಿಗೆ ಸತ್ಯಕ್ಕಿಂತ ಚಪ್ಪಾಳೆ ಮುಖ್ಯ.

"ದಬಸ್ಕಾರ ಆಜೀ" ಅಂದೆ. "ದಾದು ಕಂಪದಿ ಸಾಹೇಬ."

"ನಮಸ್ಕಾರ್ರಿ ಸಾಹೇಬ್ರ. ಏನ್ರಿ ಮೂಗ ಕಟ್ಟೇತಿ? ಅರಿಷಿಣ ಹಾಲ ಕುಡೀರಿ."

ಇಂಥ ಮಮತೆಯ ಮುಂದೆ ಸುಳ್ಳು ಹೇಳುವವನಿಗೆ ನಾಲಿಗೆ ತಡವರಿಸಬೇಕು. ನನ್ನದು ಇನ್ನೂ ಸಲೀಸಾಯಿತು. ಈ ದ್ರಾಕ್ಷಿಯಿಂದ ನಾವು ಟಾನಿಕ್ ಮಾಡುತ್ತೇವೆ, ರಕ್ತ ಆಗುತ್ತದೆ, ಹಸಿವು ಆಗುತ್ತದೆ, ಮೊಣಕಾಲಿನ ಬೇನೆಗಂತೂ ರಾಮಬಾಣ ಎಂದೆ. ಅಪ್ಪ ಹೇಳಿಕೊಟ್ಟದ್ದು ಟಾನಿಕ್ಕಿನವರೆಗೆ. ಮೊಣಕಾಲು ನನ್ನ ಸ್ವಂತ ಸೇರ್ಪಡೆ. ಎದುರಿಗಿರುವವರನ್ನು ನೋಡಿ ಸಾಮಾನು ಸೇರಿಸದಿದ್ದರೆ ಅದೆಂಥ ಮಿಮಿಕ್ರಿ?

ಆಯಿ ಫೋನಿಟ್ಟು ಹೊರಗೆ ಬಂದು, "ಔಷಧಕ್ಕಂತೋ! ಪುಣ್ಯದ ಕೆಲಸ. ಚಂದಂಗ ಮಾಡ್ರಿ" ಅಂದಳು. ಅಪ್ಪ ಕೊಟ್ಟಿಗೆಯಲ್ಲಿ ಹೋರಿಯ ಬೆನ್ನಿಗೆ ಮುಖ ಒತ್ತಿ ನಿಂತಿದ್ದ. ಭುಜ ಕುಣಿಯುತ್ತಿತ್ತು. ತಿರುಗಿದಾಗ ಮಾತ್ರ ಅವನ ಮುಖದಲ್ಲಿ ನಗು ಇರಲಿಲ್ಲ.

ದಸರೆ ಮುಗಿದ ವಾರ ಸಾಹೇಬರು ಒಂದು ಗೋಣಿಚೀಲ ತುಂಬ ಆಕಳ ಕೊಂಬು ಕಳಿಸಿದರು. ಪದ್ಧತಿ ಹೀಗೆ: ಕರು ಹಾಕಿದ ಆಕಳಿನ ಕೊಂಬಿನಲ್ಲಿ ಹಾಲು ಕೊಡುವ ಆಕಳಿನ ಸೆಗಣಿ ತುಂಬಿ, ಮೊಣಕಾಲುದ್ದದ ಕುಣಿಯಲ್ಲಿ ಹುಗಿದು, ಚಳಿಗಾಲವಿಡೀ ಬಿಟ್ಟು, ಯುಗಾದಿಯ ಹೊತ್ತಿಗೆ ತೆಗೆಯಬೇಕು. ಒಳಗಿನ ಸೆಗಣಿ ಗೊಬ್ಬರವಾಗಿರುತ್ತದೆ. ಅದರಲ್ಲಿ ಒಂದು ಹಿಡಿಯನ್ನು ನೀರಿಗೆ ಹಾಕಿ ಒಂದು ತಾಸು ತಿರುವಿ ಹೊಲಕ್ಕೆ ಚಿಮುಕಿಸಿದರೆ ಮಣ್ಣು ಎಚ್ಚರಾಗುತ್ತದೆ ಎಂದು ಸಾಹೇಬರು ಹೇಳುತ್ತಿದ್ದರು. ನಾನು ಚೀಲವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು ಮನೆಯ ಕಟ್ಟೆಯ ಮೇಲೆ ಸುರುವಿ, ಊಟಕ್ಕೆ ಒಳಗೆ ಹೋದೆ. ನನ್ನ ಊಟ ದೊಡ್ಡದು.

ಕೈ ತೊಳೆದು ಬಂದು ನೋಡುತ್ತೇನೆ, ಆಯಿ ಕಾಲು ಚಾಚಿ ಕುಳಿತು ಬಟ್ಟಲಲ್ಲಿ ಹುರಮಂಜಿ ಕಲಸಿಕೊಂಡು ಒಂದೊಂದೇ ಕೊಂಬಿಗೆ ಕೆಂಪು ಬಳಿಯುತ್ತಿದ್ದಾಳೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿಯುವಂತೆಯೇ. ತುದಿಗೆ ಅರಿಷಿಣದ ಬೊಟ್ಟು ಬೇರೆ.

"ಆಯೀ, ಏನ್ ಮಾಡಾಕತ್ತೀಬೇ! ಬಣ್ಣ ತಾಗಬಾರದಂತ ಸಾಹೇಬ್ರು ಸಾರಿ ಸಾರಿ ಹೇಳ್ಯಾರ!"

"ಬೋಳ ಕೊಂಬ ಮಣ್ಣಾಗ ಇಡ್ತಾರೇನೋ ಯಾರರೆ? ಯಾರ ಮನಿ ಆಕಳೋ ಏನೋ. ನಮ್ಮ ಹೊಲಕ್ಕ ಬರಾಕತ್ತಾವು, ಸಿಂಗಾರ ಬ್ಯಾಡ?"

ನಾನು ಎರಡು ದಿನ ಕುಳಿತು ಗಾಜಿನ ಚೂರಿನಿಂದ ಆ ಬಣ್ಣ ಕೆರೆದೆ. ಬೆರಳುಗಳು ಕೆಂಪಾದವು. ಕೂಲಿಗೆ ಬರುವ ಹೆಣ್ಣುಮಕ್ಕಳ ಗುಂಪಿನ ಹಿರಿಯಳು, ನಾವು ಅಕ್ಕ ಎಂದು ಕರೆಯುವವಳು, ನನ್ನ ಕೈ ನೋಡಿ, "ಏನೋ, ಮದರಂಗಿ ಹಚ್ಚಿದಿ? ಕನ್ಯಾ ಯಾವೂರದು? ಕಾಗವಾಡದ್ದೇನು?" ಎಂದು ಬದುವಿನ ಆ ತುದಿಯವರೆಗೂ ಕೇಳುವಂತೆ ಕೂಗಿದಳು. ನಾನು ಬಸ್ ಕಂಡಕ್ಟರನ ದನಿಯಲ್ಲಿ "ಕಾಗವಾಡ ಇಳೀರಿ, ಕಾಗವಾಡ!" ಅಂದೆ. ಯಾರೂ ನಗಲಿಲ್ಲ. ಅವರೆಲ್ಲ ಆಗಲೇ ನನ್ನನ್ನು ನೋಡಿ ನಗುತ್ತಿದ್ದರು, ಕಂಡಕ್ಟರನಿಗೆ ಎಂದು ನಗು ಉಳಿದಿರಲಿಲ್ಲ.

ಯುಗಾದಿಗೆ ಕುಣಿ ಅಗೆದೆವು. ನಾನು ಒಳಗೊಳಗೇ, ಹಾಕಿದ ಸೆಗಣಿ ಹಾಗೇ ಇರುತ್ತದೆ, ಸಾಹೇಬರ ಮರ್ಯಾದೆ ಹೋಗುತ್ತದೆ, ನನಗೊಂದು ಹೊಸ ನಾಟಕ ಸಿಗುತ್ತದೆ ಎಂದು ಕಾಯುತ್ತಿದ್ದೆ. ಕೊಂಬನ್ನು ಕಲ್ಲಿಗೆ ಬಡಿದಾಗ ಕಪ್ಪಗೆ, ಮೆತ್ತಗೆ, ಚಹಾಪುಡಿಯಂತೆ ಉದುರಿತು. ಮೂಗಿಗೆ ಹಿಡಿದರೆ ಸೆಗಣಿಯ ವಾಸನೆಯೇ ಇಲ್ಲ. ಮೊದಲ ಮಳೆ ಬಿದ್ದ ಮಾರನೆಯ ದಿನ ಬೇವಿನ ಮರದ ಕೆಳಗೆ ಬರುವ ವಾಸನೆ. ಅಪ್ಪ ಮತ್ತೆ ಮತ್ತೆ ಮೂಸಿದ. ನಾನು ಸೋಲೊಪ್ಪಿಕೊಂಡೆ. ನನ್ನ ಪಾಲಿಗೆ ಅದು ಅಪರೂಪ.

ಬೇಸಿಗೆ ಚಾಟಣಿ ಎಂದರೆ ಬಳ್ಳಿಯನ್ನು ಬೋಳು ಮಾಡಿ ಕತ್ತರಿಸುವ ಕೆಲಸ. ಅದು ಮುಗಿದ ಮೇಲೆ ತಿರುವುವ ದಿನ ಬಂತು. ಅರ್ಧ ಡ್ರಮ್ಮು ಬೆಚ್ಚಗಿನ ನೀರಿಗೆ ಒಂದು ಹಿಡಿ ಕೊಂಬಿನ ಗೊಬ್ಬರ. ಕೋಲಿನಿಂದ ಬಲಕ್ಕೆ ತಿರುವಬೇಕು, ನಡುವೆ ತಳ ಕಾಣುವ ಹಾಗೆ ಸುಳಿ ಏಳಬೇಕು. ಎದ್ದ ಕೂಡಲೇ ಎಡಕ್ಕೆ. ಮತ್ತೆ ಸುಳಿ, ಮತ್ತೆ ಬಲಕ್ಕೆ. ಹೀಗೆ ಒಂದು ತಾಸು, ನಡುವೆ ನಿಲ್ಲಿಸುವ ಹಾಗಿಲ್ಲ. ಹತ್ತು ನಿಮಿಷಕ್ಕೆ ನನ್ನ ರಟ್ಟೆ ಬಿದ್ದುಹೋಯಿತು. ಹದಿನೈದಕ್ಕೆ ಕೋಲು ಬಿತ್ತು. ಇಪ್ಪತ್ತಕ್ಕೆ ನಾನೇ ಡ್ರಮ್ಮಿಗೆ ಒರಗಿ ಕುಳಿತೆ.

"ಎದ್ದೇಳೋ, ಸುಳಿ ಮಲಗೇತಿ ನೋಡು, ನಿನ್ನಂಗ" ಅಂದಳು ಅಕ್ಕ. ಸಂಜೆ ಮನೆಗೆ ಹೋಗುವಾಗ ಅದನ್ನೇ ಆಯಿಗೂ ಹೇಳಿ ಹೋದಳು.

ಮರುದಿನ ಆಯಿ ಅಟ್ಟದ ಮೇಲಿನಿಂದ ತನ್ನ ಹಳೆಯ ದೊಡ್ಡ ಕಡಗೋಲನ್ನು ನನ್ನ ಕೈಯಿಂದ ಇಳಿಸಿದಳು. ಮನೆಯಲ್ಲಿ ಐದು ಎಮ್ಮೆ ಇದ್ದ ಕಾಲದ್ದು, ನನ್ನ ಎದೆಯ ಎತ್ತರ. "ಡ್ರಮ್ ಇಲ್ಲೆ ತಾ. ನನಗ ಮೊಣಕಾಲ್ ಇಲ್ಲ, ರಟ್ಟಿ ಅದಾವು" ಅಂದಳು. ಅಂಗಳದ ಕಂಬಕ್ಕೆ ಕಡಗೋಲು ಕಟ್ಟಿಸಿ, ಹಗ್ಗವನ್ನು ಏಳೆಂಟು ಸುತ್ತು ಸುತ್ತಿ, ಮಣೆಯ ಮೇಲೆ ಕುಳಿತು ಎಳೆದಳು. ಬಲಗೈ ಉದ್ದಕ್ಕೆ ಬಂದರೆ ನೀರು ಒಂದು ಕಡೆಗೆ ಸುಳಿ, ಎಡಗೈ ಬಂದರೆ ಇನ್ನೊಂದು ಕಡೆಗೆ. ಸಾಹೇಬರು ಕೊಟ್ಟ ನಾಲ್ಕು ಹಾಳೆಗಳ ಟಿಪ್ಪಣಿ ಓದಿ ನಾನು ಕಲಿಯಲಾರದ್ದನ್ನು ಅವಳ ಹಗ್ಗ ತಾನೇ ಮಾಡುತ್ತಿತ್ತು. ಒಂದು ತಾಸು, ಒಂದೇ ಲಯ. ನಡುವೆ ಒಂದು ವಚನವನ್ನು ಗುನುಗಿದಳು, ಒಮ್ಮೆ ನನ್ನನ್ನು ಬೈದಳು, ಎರಡಕ್ಕೂ ಕೈ ತಪ್ಪಲಿಲ್ಲ. ಸಂಜೆಯ ತಂಪಿನಲ್ಲಿ ಅಪ್ಪನೂ ನಾನೂ ಆ ನೀರನ್ನು ಬೇವಿನ ಟೊಂಗೆಯಿಂದ ಸಾಲಿನುದ್ದಕ್ಕೂ ಚಿಮುಕಿಸಿದೆವು.

ಆಮೇಲೆ ಪ್ರತಿಸಲವೂ ಅವಳೇ. ಮಳೆಗಾಲ ಕಳೆಯಿತು, ದಸರೆಯ ನಂತರ ಹಣ್ಣಿನ ಚಾಟಣಿಯಾಯಿತು, ಹೂವಾಯಿತು, ಕಾಯಿ ಕಟ್ಟಿತು. ಕಡೆಯುವ ದಿನ ಆಯಿ ತಲೆಗೆ ನೀರು ಹಾಕಿಕೊಂಡು, ಲಿಂಗಪೂಜೆ ಮುಗಿಸಿಯೇ ಹಗ್ಗ ಹಿಡಿಯುತ್ತಿದ್ದಳು. ಯಾರು ಬಂದರೂ, "ಔಷಧದ ಕೆಲಸ್ರಿ. ಯಾರ್‍ಯಾರ ಮೈಯಾಗ ರಕ್ತ ಆಗತೈತೋ" ಎನ್ನುತ್ತಿದ್ದಳು. ಒಮ್ಮೆ ಬೇರೆ ಯಾರೂ ಇಲ್ಲದಾಗ, ಹಗ್ಗ ಎಳೆಯುತ್ತಲೇ, "ನನ್ನ ತಮ್ಮ ಇದ್ದಾಗ ಇಂಥಾದ್ದೊಂದು ಟಾನಿಕ್ ಇದ್ದಿದ್ರ..." ಎಂದು ಅರ್ಧಕ್ಕೆ ಬಿಟ್ಟಳು. ನನ್ನ ಗಂಟಲಿನ ಊರಿನಲ್ಲಿ ಆ ಹೊತ್ತು ಒಬ್ಬರೂ ಮನೆಯಲ್ಲಿರಲಿಲ್ಲ.

ಅಪ್ಪನಿಗೆ ಹೇಳಿದೆ, "ಅಪ್ಪಾ, ಆಯಿಗೆ ಖರೇ ಹೇಳೂಣು."

"ಹಣ್ಣ ಒಂದ್ ಹೋಗ್ಲಿ ತಡಿ. ಈಗ ಹೇಳಿದ್ರ ಕಾಯಿ ಸಮೇತ ಕೀಳಸ್ತಾಳ" ಅಂದ. ನಾನು ತಡೆದೆ. ತಡೆಯುವುದು ಸುಲಭ, ಅದಕ್ಕೆ ರಟ್ಟೆ ಬೇಕಾಗುವುದಿಲ್ಲ.

ಇನ್ನು ಎಂಟು ದಿನಕ್ಕೆ ಹಣ್ಣು ಕೊಯ್ಯಬೇಕು, ಅಷ್ಟರಲ್ಲಿ ಸಾಹೇಬರು ಜೀಪಿನಲ್ಲಿ ಬಂದರು. ಸಣ್ಣ ದುರ್ಬೀನಿನಂಥ ಸಾಧನದಲ್ಲಿ ಒಂದು ಹನಿ ರಸ ಬಿಟ್ಟು ಬಿಸಿಲಿಗೆ ಹಿಡಿದು ಸಕ್ಕರೆ ನೋಡಿದರು. "ಭಾರಿ ಐತಿ" ಅಂದರು. ಮಣ್ಣು ಕೆದರಿ ಎರೆಹುಳ ನೋಡಿದರು. ಅಷ್ಟಕ್ಕೇ ಹೋಗಿದ್ದರೆ ಈ ಕಥೆಗೆ ಬಾಲವಿರುತ್ತಿರಲಿಲ್ಲ. ಆದರೆ ಕಡಗೋಲಿನ ಸುದ್ದಿ ಅಕ್ಕನ ಬಾಯಿಂದ ಅವರ ಕಿವಿಗೆ ಬಿತ್ತು. "ಆ ಅಜ್ಜಿಯನ್ನ ನೋಡೇ ಹೋಗ್ತೀನಿ" ಎಂದು ನಮಗಿಂತ ಮೊದಲು ಜೀಪು ಹತ್ತಿದರು. ಅಪ್ಪ ಕೆಮ್ಮಿದ. ನಾನು ಬೈಕು ಒದ್ದೆ, ಅದು ಮೂರನೆಯ ಒದೆತಕ್ಕೆ ಹತ್ತಿತು.

ನಾನು ಮುಟ್ಟುವ ಹೊತ್ತಿಗೆ ಸಾಹೇಬರು ಆಯಿಯ ಕಾಲಿಗೆ ನಮಸ್ಕಾರ ಮಾಡಿ ಎದ್ದಿದ್ದರು. ಅವರು ನಿಪ್ಪಾಣಿಯವರು. ಶುದ್ಧ ನಮ್ಮ ಕಡೆಯ ಕನ್ನಡ, ತುಂಬಿದ ತಣ್ಣನೆಯ ದನಿ. ಆಯಿ ಅವರನ್ನೇ ನೋಡುತ್ತಿದ್ದಳು, ತಲೆ ಸ್ವಲ್ಪ ಓರೆ ಮಾಡಿ. ಹೊಲಿಗೆ ತಪ್ಪಿದ ಕುಪ್ಪಸವನ್ನು ನೋಡುವ ಹಾಗೆ.

"ನೆಗಡಿ ವಾಸಿ ಆತೇನ್ರಿ ಸಾಹೇಬ್ರ?"

"ಯಾವ ನೆಗಡಿರಿ ಅಜ್ಜಿ?"

"ಇರ್ಲಿ. ನನ್ನ ಟಾನಿಕ್ ತಂದೀರೇನ್ರಿ?" ಅಂದಳು.

ಸಾಹೇಬರು ನನ್ನತ್ತ ನೋಡಿದರು. ನಾನು ಆಯಿಯ ಬೆನ್ನ ಹಿಂದೆ ನಿಂತು ಎರಡೂ ಕೈ ಜೋಡಿಸಿ, ಬೇಡ ಬೇಡ, ಏನೂ ಹೇಳಬೇಡಿ ಎಂದು ಬೇಡಿಕೊಂಡೆ. ಎಲ್ಲರ ಹಾವಭಾವ ಮಾಡಬಲ್ಲ ನನಗೆ ನನ್ನದೇ ಒಂದು ಹಾವಭಾವ ಮಾಡಲು ಬರಲಿಲ್ಲ. ಟಾನಿಕ್ ಎಂದರೆ ವೈನೇ, ಮುದುಕಿಯ ಆಸೆ, ಕೊಟ್ಟುಬಿಡಿ ಎಂದು ನಾನು ಗೋಗರೆಯುತ್ತಿದ್ದೇನೆ ಎಂದುಕೊಂಡು ಸಾಹೇಬರು ನಕ್ಕು, ಜೀಪಿನಿಂದ ಒಂದು ಬಾಟಲಿ ತಂದು ಎರಡೂ ಕೈಯಿಂದ ಕೊಟ್ಟರು. ಕಪ್ಪುಗೆಂಪು, ಉದ್ದ ಕುತ್ತಿಗೆ, ಬಂಗಾರದ ಬಣ್ಣದ ಟೊಪ್ಪಿಗೆ. ಕೆಲಸವಿದೆ ಎಂದು ಹೊರಟೇಹೋದರು.

ಆಯಿ ಅದನ್ನು ಒಳಗಿನ ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದಳು. ಅಪ್ಪ ಇನ್ನೂ ಹೊಲದಿಂದ ಬಂದಿರಲಿಲ್ಲ. ಅದನ್ನು ಹೇಗೆ ಎತ್ತಲಿ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಐನೋರು ಬಂದರು. ಅವತ್ತು ಸೋಮವಾರ, ಅವರು ಭಿಕ್ಷೆಗೆ ಬರುವ ದಿನ.

"ಐನಾರ, ನೋಡ್ರಿ. ನಮ್ಮ ಹೊಲದಾಗಿನಂಥಾ ಹಣ್ಣಿನ ಔಷಧ. ನೀವ್ ಮೊದಲ ಒಂದ್ ಚಮಚ ತೊಗೊಳ್ರಿ, ಆಮ್ಯಾಲ ನಾ ತೊಗೊತೀನಿ."

ಐನೋರು ಕನ್ನಡಕ ಏರಿಸಿ ಬಾಟಲಿಯನ್ನು ತಿರುಗಿಸಿದರು. ಇಂಗ್ಲಿಷನ್ನು ದಾಟಿ ಮರಾಠಿಗೆ ಬಂದರು. ನಮ್ಮ ಕಡೆ ಮರಾಠಿ ಓದಲು ಬಾರದವರು ಕಡಿಮೆ. ಪುರಾಣ ಓದುವ ಅದೇ ರಾಗದಲ್ಲಿ, ದನಿ ಎಳೆದು ಓದಿದರು: "ಮದ್ಯಪಾನ... ಆರೋಗ್ಯಾಸ... ಹಾನಿಕಾರಕ... ಆಹೇ."

ಆಮೇಲೆ ಸೀನಿದರು. ಮೂರು ಸಲ. ನಾಲ್ಕನೆಯದಕ್ಕೆ ಬಾಯಿ ತೆರೆದು ಹಾಗೇ ನಿಂತರು. ಅಷ್ಟು ವರ್ಷ ನಾನು ಆಡಿ ತೋರಿಸಿ ನಗಿಸಿದ ಆ ಸೀನು ಅಂದು ಇಡೀ ಪಡಸಾಲೆಯಲ್ಲಿ ಒಬ್ಬರನ್ನೂ ನಗಿಸಲಿಲ್ಲ.

ಆಯಿ ಬಾಟಲಿಯನ್ನು ಜಗಲಿಯಿಂದ ತೆಗೆಸಿ ಹೊರಗಿನ ಕಟ್ಟೆಯ ಮೇಲೆ ಇಡಿಸಿದಳು. ಜಗಲಿಯನ್ನು ತಾನೇ ಕೈಯೂರಿ ಬಗ್ಗಿ ತೊಳೆದಳು, ನನ್ನನ್ನು ಮುಟ್ಟಗೊಡಲಿಲ್ಲ. ಅಪ್ಪ ಬಂದಾಗ ಒಂದೇ ಮಾತು: "ನಾಳೆ ಮುಂಜಾನೆ ಬಳ್ಳಿ ಕಡೀರಿ. ಬುಡಕ್ಕ."

"ಯವ್ವಾ, ಹಣ್ಣ..."

"ಹಣ್ಣ ಸಮೇತ."

ಅಪ್ಪ ಹೊಸ್ತಿಲಲ್ಲಿ ಕುಳಿತುಬಿಟ್ಟ. ಎರಡು ವರ್ಷ ಮಗುವಿನಂತೆ ಸಾಕಿದ ಬಳ್ಳಿಯಿದು. ಮೊದಲ ಹಣ್ಣು. ಅವನು ನನ್ನತ್ತ ನೋಡಲಿಲ್ಲ, ಬೈಯಲೂ ಇಲ್ಲ. ಆ ಕೆಮ್ಮಾದರೂ ಬರಲಿ ಎಂದು ನಾನು ಕಾದೆ. ಬರಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಹೋಗಿ ಕಾಲಿಗೆ ಬೀಳುತ್ತಾನೆ. ನಾನು ಕೊಟ್ಟಿಗೆಗೆ ಹೋದೆ. ಅದೇ ಗೋದಲಿ, ಅದೇ ಮೊಬೈಲು. ಗೋಡೆಯ ಆಚೆ ಫೋನು ಬಾರಿಸಿತು. ಸಾಹೇಬರೇ ತಪ್ಪೊಪ್ಪಿಕೊಂಡು, ಈ ಒಂದು ವರ್ಷ ಬಿಡಿ ಆಜೀ ಎಂದರೆ ಅವಳು ಕರಗಬಹುದು ಎಂಬುದು ನನ್ನ ಹಂಚಿಕೆ. ಮೂಗು ಹಿಡಿದೆ.

"ದಬಸ್ಕಾರ ಆಜೀ. ದಾದು ಕಂಪದಿ ಸಾಹೇಬ."

ಆ ಕಡೆ ಮಣೆ ಎಳೆದುಕೊಂಡು ಕುಳಿತ ಸದ್ದು.

"ಸಾಹೇಬ್ರ" ಅಂದಳು ಆಯಿ, ತಣ್ಣಗೆ. "ನಮ್ಮ ಮೊಮ್ಮಗ ಅಲ್ಲೇ ಎಲ್ಲೋ ಇರಬೇಕು. ಅವನ ಕೈಯಾಗ ಸ್ವಲ್ಪ ಫೋನ್ ಕೊಡ್ರಿ. ಅವನ ಕೂಡ ಮಾತಾಡೋದೈತಿ."

ಮೂಗಿನಿಂದ ಕೈ ಜಾರಿತು. ಫೋನನ್ನು ಈ ಕಿವಿಯಿಂದ ಆ ಕಿವಿಗೆ ಹಾಕಿಕೊಂಡೆ. ನಿಜಕ್ಕೂ ಬೇರೊಬ್ಬನ ಕೈಗೆ ಕೊಡುವವನಂತೆ. ಬಾಯಿ ತೆರೆದರೆ ಮೊದಲು ಬಂದದ್ದು ಅಪ್ಪನ ಕೆಮ್ಮು. ಇನ್ನೊಮ್ಮೆ ತೆರೆದೆ, ದಲ್ಲಾಳಿಯ ಅವಸರ ಬಂತು. ಮೂರನೆಯ ಸಲಕ್ಕೆ ಯಾವುದೋ ಸಣ್ಣ, ಬಿರುಕು ಬಿಟ್ಟ, ಒಂದಿಷ್ಟೂ ಗತ್ತಿಲ್ಲದ ದನಿ ಹೊರಟಿತು. ಅದನ್ನು ನಾನು ಯಾರ ಮುಂದೆಯೂ ಆಡಿ ತೋರಿಸಿರಲಿಲ್ಲ.

"ಆಯೀ. ಟಾನಿಕ್ ಅಲ್ಲಬೇ ಅದು. ಸೆರಿ. ಸುಳ್ಳ ಹೇಳಿದಾಂವ ನಾನ. ಮೊಣಕಾಲಿಂದೂ ನಾನ ಸೇರಿಸಿದ್ನಿ."

"ಮೊಣಕಾಲಿಂದ ಯಾಕ ಸೇರಿಸಿದಿ?"

"ನೀ ನಂಬಲೆಂತ."

"ನಂಬಿದ್ನಿ" ಅಂದಳು. ಆಮೇಲೆ, "ಒಳಗ ಬಾ. ಗ್ವಾಡಿ ಆಚೀಕ ಕುಂತ ಫೋನ್ ಮಾಡಬ್ಯಾಡ, ಬಿಲ್ ಬರತೈತಿ. ಮತ್ತ ಆ ಸಾಹೇಬ್ರು ಮೂಗಿನಾಗ ಮಾತಾಡಂಗಿಲ್ಲ, ತಿಳೀತಿಲ್ಲೋ? ಊರೆಲ್ಲಾ ನಿನ್ನ ಹೊಗಳತೈತಿ, ಒಂದೂ ಸರಿಯಾಗಿ ಬರಂಗಿಲ್ಲ ನಿನಗ" ಎಂದು ಇಟ್ಟಳು.

ಒಬ್ಬ ಕಲಾವಿದನಿಗೆ ಇದಕ್ಕಿಂತ ಖಾರವಾದ ವಿಮರ್ಶೆ ಸಿಕ್ಕಿರಲಾರದು.

ಮರುದಿನ ಮುಂಜಾನೆ ಅಪ್ಪ ಕೊಡಲಿ ಹಿಡಿದು ಹೊರಟ. ಆಯಿ, "ನಾನೂ ಬರ್ತೀನಿ" ಎಂದು ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಖುರ್ಚಿ ಹಾಕಿಸಿ ಕುಳಿತಳು. ಮೂರು ವರ್ಷದ ಮೇಲೆ ಹೊಲ ನೋಡುತ್ತಿದ್ದಳು. ನಾನು ಖುರ್ಚಿ ಅಲುಗದಂತೆ ಹಿಡಿದು ನಿಂತಿದ್ದೆ.

ಸಾಲಿನ ನಡುವೆ ನಿಂತು, ಬಗ್ಗಲಾರದೆ, "ಒಂದ್ ಹಿಡಿ ಮಣ್ಣ ಕೊಡು" ಅಂದಳು. ಕೊಟ್ಟೆ. ಹಿಸುಕಿದಳು. ಹಿಟ್ಟಿನಂತೆ ಕೂಡಿ, ಮುಟ್ಟಿದರೆ ಉದುರಿತು. ಒಂದು ಎರೆಹುಳ ಅವಳ ಬೆರಳ ಸಂದಿಯಿಂದ ಹೊರಬಂದು ಮತ್ತೆ ಒಳಗೆ ಹೋಯಿತು. ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಅಕ್ಕನ ಗುಂಪು ಕೈ ನಿಲ್ಲಿಸಿ ನೋಡುತ್ತಿತ್ತು.

"ನನ್ನ ತಮ್ಮ ಇದ್ದಾಗ ಇಲ್ಲಿ ಹಲಗ ಹಲಗ ಏಳತಿತ್ತು ಮಣ್ಣ" ಅಂದಳು ಆಯಿ. "ಇಷ್ಟ ಮೆತ್ತಗ ಎಂದೂ ಇರ್ಲಿಲ್ಲ."

"ನೀ ಹಗ್ಗ ಎಳದ ಕಡದದ್ದಬೇ" ಅಂದ ಅಪ್ಪ, ಕೊಡಲಿಯನ್ನು ನೋಡುತ್ತ.

ಅವಳು ಬಳ್ಳಿಯ ಬೊಡ್ಡೆಯನ್ನು ಕೈಯಿಂದ ಸವರಿದಳು. ಹೆಬ್ಬೆರಳಿಗಿಂತ ದಪ್ಪವಾಗಿತ್ತು. "ಇದರ ಬುಡಾ ಇಟ್ಕೊಂಡು ಮ್ಯಾಲ ನಮ್ಮ ಹಸರ ದ್ರಾಕ್ಷಿ ಕಲಂ ಕಟ್ಟಾಕ ಬರತೈತೇನ?"

ಅಪ್ಪ ತಲೆ ಎತ್ತಿದ. "ಬರತೈತಿ."

"ಹಂಗಾರ ಬುಡಾ ಕಡೀಬ್ಯಾಡ್ರಿ. ನೀ ಮಾತ ಕೊಟ್ಟೀದಿ, ಈ ಒಂದ್ ಹಣ್ಣ ಒಯ್ಲಿ ಅವರು. ಯುಗಾದಿ ಚಾಟಣಿಗೆ ಕಲಂ ಕಟ್ರಿ. ಮುಂದ ನನ್ನ ಹೊಲದಾಗ ಬೇದಾಣೀನ ಆಗಬೇಕು." ಆಮೇಲೆ ನನ್ನ ಕಡೆ ತಿರುಗಿದಳು. "ಕೊಂಬ ಹುಗಿಯೋದು, ಕಡಗೋಲಿಲೆ ಕಡಿಯೋದು ಬಿಡಂಗಿಲ್ಲ. ಆದ್ರ ಇನ್ನ ಮ್ಯಾಲ ನಾ ಹಗ್ಗ ಮುಟ್ಟಂಗಿಲ್ಲ. ನೀ ಕಡೀಬೇಕು. ಪೂರಾ ತಾಸು. ನಾ ಮುಂದ ಕುಂತ ನೋಡ್ತೀನಿ."

ಅಪ್ಪ ಕೊಡಲಿಯನ್ನು ಟ್ರೇಲಿಗೆ ಎಸೆದು ಕೆಮ್ಮಿದ. ಆ ಕೆಮ್ಮು ಕೇಳಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಹಣ್ಣು ಹೋಯಿತು. ಮಾಡಿದ್ದೆಲ್ಲವನ್ನೂ ಸಾಹೇಬರಿಗೆ ನಾನೇ ಹೇಳಿದೆ. ಅವರು, "ನನ್ನ ದನಿ ಹಂಗ ಕೇಳಸ್ತೈತೇನು?" ಎಂದಷ್ಟೇ ಕೇಳಿದರು. ಯುಗಾದಿಗೆ ಕಲಂ ಕಟ್ಟಿದೆವು, ಕರಿಯ ಬುಡಕ್ಕೆ ಹಸಿರಿನ ಕಸಿ. ನಾನು ಕಡೆಯತೊಡಗಿದೆ. ಮೊದಲ ದಿನ ಹಗ್ಗ ನನ್ನ ಕೊರಳಿಗೇ ಸುತ್ತಿಕೊಂಡಿತು. ಎರಡನೆಯ ದಿನ ಡ್ರಮ್ಮು ಉರುಳಿತು. ಅಕ್ಕ ಈಗ ನನ್ನದೇ ಮಿಮಿಕ್ರಿ ಮಾಡುತ್ತಾಳೆ. ಸೊಂಟಕ್ಕೆ ಸೆರಗು ಬಿಗಿದು, ಕಣ್ಣು ಮೇಲೆ ಮಾಡಿ, ಬಾಯಿ ತೆರೆದು, "ಆಯೀ, ಎಷ್ಟ ನಿಮಿಷ ಆತಬೇ?" ಎನ್ನುವಾಗ ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಾಳೆ. ಅಕ್ಕನದು ನನಗಿಂತ ಚೆನ್ನಾಗಿದೆ ಎಂದು ಒಪ್ಪಲೇಬೇಕು. ಅವಳು ಆಡಿ ತೋರಿಸುವ ಮನುಷ್ಯನಿಗೆ ನನ್ನ ಸಾಹೇಬರ ಹಾಗೆ ನೆಗಡಿಯಿಲ್ಲ, ಅವನು ಇದ್ದಂತೆಯೇ ಇದ್ದಾನೆ.

ಕಟ್ಟೆಯ ಮೇಲೆ ಉಳಿದಿದ್ದ ಬಾಟಲಿಯನ್ನು ಆಯಿ ಒಂದು ದಿನ ನನ್ನ ಕೈಯಿಂದಲೇ ತೆರೆಸಿದಳು. "ಅದರ ರಸಾ ಅದಕ್ಕ ಕುಡಸು" ಎಂದು ಬಳ್ಳಿಯ ಬುಡಕ್ಕೆ ಸುರುವಿಸಿದಳು. ಬಾಟಲಿಯನ್ನು ಬೂದಿ ಹಾಕಿ ಐದು ಸಲ ತೊಳೆಸಿದಳು, ಬಿಸಿಲಿಗೆ ಬೋರಲು ಹಾಕಿಸಿದಳು, ಮರಾಠಿ ಅಕ್ಷರದ ಚೀಟಿಯನ್ನು ಉಗುರಿನಿಂದ ಕೆರೆಸಿದಳು. ಈಗ ಅದರಲ್ಲಿ ಔಡಲೆಣ್ಣೆ ಇದೆ. ದಿನವೂ ಸಂಜೆ ನಾನು ಅದನ್ನು ಬೆಚ್ಚಗೆ ಮಾಡಿ ಅವಳ ಮೊಣಕಾಲಿಗೆ ತಿಕ್ಕಬೇಕು. ಬೇನೆ ಕಡಿಮೆಯಾಗಿದೆ ಎನ್ನುತ್ತಾಳೆ. ನಿಜವೋ, ನಾನು ನಂಬಲೆಂದು ಸೇರಿಸಿ ಹೇಳುತ್ತಾಳೋ, ಕೇಳುವ ಧೈರ್ಯ ನನಗಿಲ್ಲ.